ಒಂದೇ ಗುಂಡಿಯ ಖಡ್ಗ

ಕುಸುಬಿ ಎಣ್ಣೆ ಕಾಯುವ ವಾಸನೆ ಬಂದಾಗಲೆಲ್ಲ ಇಬ್ರಾಹಿಂಪುರದ ವಿಡಿಯೊ ಗೇಮ್ ಅಂಗಡಿಯಲ್ಲಿ ಕಳೆದ ಒಂದು ಮಧ್ಯಾಹ್ನ ಇಂದಿಗೂ ನನ್ನೆದುರು ಬಂದು ನಿಲ್ಲುತ್ತದೆ.

ಅಣ್ಣನ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತಿದ್ದವು. ಬೆರಳುಗಳನ್ನು ಆಡಿಸುತ್ತಿರಬೇಕೆಂದು ವೈದ್ಯರು ಹೇಳಿದ್ದನ್ನೇ ಅವ್ವ ಔಷಧವೆಂದು ನಂಬಿದ್ದಳು. ಆದ್ದರಿಂದ ಬಿಸಿ ಎಣ್ಣೆಯಿಂದ ಅವನ ಕೈ ತಿಕ್ಕಿ, ನಮ್ಮಿಬ್ಬರನ್ನೂ ಆ ಅಂಗಡಿಗೆ ಕರೆದೊಯ್ಯುತ್ತಿದ್ದಳು. ಆಟದಲ್ಲಿ ಅಣ್ಣ ಬಂದೂಕುಗಳನ್ನು ಬಿಟ್ಟು ಅನ್ಯಲೋಕದವರ ಖಡ್ಗವನ್ನೇ ಆರಿಸಿಕೊಳ್ಳುತ್ತಿದ್ದ. ಎರಡು ಕವಲಿನ, ನೀಲಿ ಬೆಳಕಿನ ಆ ಅಲಗಿಗೆ ಗುರಿ ಬೇಕಿರಲಿಲ್ಲ. ವೈರಿ ಹತ್ತಿರ ಬಂದಾಗ ಒಂದು ಗುಂಡಿ ಒತ್ತಿದರೆ ತಾನೇ ಹಾರಿ ಸೀಳುತ್ತಿತ್ತು.

“ಏನ್ ಪೈಲ್ವಾನ, ಇವತ್ತ ಎಷ್ಟ ಮಂದೀನ ಕಡೀತಿ?” ಎಂದು ಆ ಮಧ್ಯಾಹ್ನ ಕೇಳಿದರು ಅಂಗಡಿಯ ಚಾಚಾ.

“ಒಬ್ಬನ್ನೂ ಬಿಡೂದಿಲ್ರಿ!”

ವೈರಿ ಬಂದ. ಅಣ್ಣನ ಹೆಬ್ಬೆರಳು ರಿಮೋಟಿನ ಗುಂಡಿಯ ಮೇಲೆ ಸುಮ್ಮನೆ ಮಲಗಿತ್ತು.

“ಎಣ್ಣಿಗೆ ಜಾರಾಕತ್ತೈತಿ ಬೇ,” ಎಂದ.

ಅವ್ವ ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿದಳು. ಅಣ್ಣ ಮತ್ತೆ ಆಡಿದ. ಮತ್ತೆ ಅವನೇ ಸತ್ತ.

ಚಾಚಾ ಬೇರೆಡೆ ನೋಡುತ್ತ, “ರಿಮೋಟ ಕೆಟ್ಟೈತಿ ಬಿಡ್ರಿ ಅಕ್ಕಾರ,” ಎಂದರು.

ಅವ್ವನ ಮುಖ ಅರಳಿತು. “ಹೌದೇನ್ರಿ? ಹಂಗಾರ ರಿಪೇರಿ ಮಾಡಿ ಇಡ್ರಿ, ನಾಳಿ ಬರ್ತೇವಿ.”

ಅಷ್ಟರಲ್ಲಿ ಆಟ ತಾನಾಗಿಯೇ ಪುನಃ ಆರಂಭವಾಗಿತ್ತು. ಚಾಚಾರಿಗೆ ಕೊಡಲೆಂದು ಅಣ್ಣನ ತೊಡೆಯ ಮೇಲಿಂದ ರಿಮೋಟನ್ನು ಎತ್ತಿಕೊಂಡಾಗ ನನ್ನ ಹೆಬ್ಬೆರಳು ಗುಂಡಿಯನ್ನು ಅಮುಕಿತು. ತೆರೆಯ ಮೇಲೆ ಖಡ್ಗ ಚಿಮ್ಮಿ ವೈರಿಯನ್ನು ಸೀಳಿತು.

ಚಾಚಾ ತಲೆ ತಗ್ಗಿಸಿದರು.

“ನಾಳಿ ಬರೂದು ಬ್ಯಾಡ ಬೇ,” ಎಂದ ಅಣ್ಣ.