ಮ್ಲೆಂಡೊ

ನಿನ್ನೆ ಮೂರೂವರೆ ಕಿಲೋ ಇದ್ದ ಕೂಸು ಇವತ್ತು ಎರಡೂಕಾಲು ಕಿಲೋಗೆ ಇಳಿದಿದೆ ಎಂದು ರಾಜಧಾನಿ ಲಿಲಾಂಗ್ವೆಯ ಕಚೇರಿಯಲ್ಲಿ ಕಂಪ್ಯೂಟರು ಕೆಂಪಗೆ ಮಿನುಗಿದಾಗ ಲಿಂಬಾನಿ ಫೋನಿಗೆ ಕೈ ಹಾಕಿದ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆಂದು ಕೂಸುಗಳ ತೂಕ ಬರೆದಿಡುವ ಆ ಆ್ಯಪ್ ಮಾಡಿಕೊಟ್ಟವನು ಅವನೇ. ಊರು ಕಪೀನಿ, ಮಗುವಿಗೆ ನಾಲ್ಕು ದಿನ, ಹೆಸರು ಮ್ಲೆಂಡೊ. ಮ್ಲೆಂಡೊ ಎಂದರೆ ಅತಿಥಿ. ಮಕ್ಕಳಿಗೆ ‘ಕಷ್ಟ’ ಎಂದೇ ಹೆಸರಿಡುವ ನಾಡಿನಲ್ಲಿ ಅತಿಥಿ ಯಾವ ಲೆಕ್ಕ? ಆ ಊರಿನ ಕಾರ್ಯಕರ್ತೆ ಡೊರಿಕಾಳಿಗೆ ಹತ್ತು ಸಲ ಫೋನು ಮಾಡಿದರೂ ಸ್ವಿಚ್ ಆಫ್.

ಬಾಡಿಗೆ ಬೈಕಿನಲ್ಲಿ ಎರಡು ಗಂಟೆ ಧೂಳು ಕುಡಿದು ಊರು ಸೇರಿದ. ಜನ ತೋರಿಸಿದ ಬಾಣಂತಿಯ ಮನೆಯಂಗಳದಲ್ಲಿದ್ದ ಅಜ್ಜಿ ಒಂದು ಮಾತೂ ಕೇಳದೆ ಚಾಪೆ ಹಾಸಿ, ಕೈಗೆ ಒಂದು ಲೋಟ ಥೋಬ್ವಾ ಕೊಟ್ಟಳು. ಜೋಳದ ಆ ತಂಪು ಗಂಜಿಯನ್ನು ಅವನು ಬಾಯಿಗಿಡದೆ ಕೈಯಲ್ಲೇ ಹಿಡಿದು ನಿಂತ. ಅಷ್ಟರಲ್ಲಿ ಒಳಗಿನಿಂದ ಡೊರಿಕಾ ಬಂದಳು.

“ಅಮ್ಮಾ, ಮ್ಲೆಂಡೊ ಎಲ್ಲಿ? ಬದುಕಿದಾನಾ?” ಲಿಂಬಾನಿ ಕೇಳಿದ.

“ಯಾವ ಮ್ಲೆಂಡೊ?” ಎಂದಳು ಡೊರಿಕಾ. “ಎರಡಿದಾವಲ್ಲ. ಇಲ್ಲೊಂದು, ಆ ಮಾವಿನ ಮರದ ಮನೇಲೊಂದು. ಒಂದೇ ದಿನ ಹುಟ್ಟಿದ್ವು.”

“ಎರಡಕ್ಕೂ ಅದೇ ಹೆಸರಾ?”

“ಹೆಸರೆಲ್ಲಿ ಬಂತು ಮಾರಾಯ! ಹೊಕ್ಕುಳ ಬಳ್ಳಿ ಬೀಳೋ ತನಕ ನಾವು ಹೆಸರಿಡಲ್ಲ. ನಿನ್ನ ಆ್ಯಪ್ ಕೇಳಬೇಕಲ್ಲ! ಹೆಸರು ಬರಿ, ಇಲ್ಲಾಂದ್ರೆ ಮುಂದಕ್ಕೆ ಬಿಡಲ್ಲ ಅಂತ ಹಟ. ಮನೆಗೆ ಹೊಸದಾಗಿ ಬಂದಿರೋರು ತಾನೇ ಅಂತ ಇಬ್ಬರಿಗೂ ಮ್ಲೆಂಡೊ ಅಂತಲೇ ಬರೆದೆ. ಅತಿಥಿನ ಬಾಗಿಲಲ್ಲೇ ನಿಲ್ಸಿ ಹೆಸರು ಕೇಳೋದು ಯಾವೂರ ಪದ್ಧತಿಯಪ್ಪಾ?”

ಒಂದೇ ಊರು, ಒಂದೇ ದಿನ, ಒಂದೇ ಹೆಸರು. ಆ್ಯಪ್ ಎರಡು ಕೂಸುಗಳನ್ನು ಒಂದು ಮಾಡಿ ಕೂತಿತ್ತು. ಲಿಂಬಾನಿ ಚಾಪೆಯ ಮೇಲೆ ಕುಳಿತುಬಿಟ್ಟ. ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಮರುಕ್ಷಣ ಇನ್ನೊಂದು ಯೋಚನೆ ಬಂತು. ಚಿಕ್ಕದನ್ನು ಮೊದಲು ತೂಗಿ, ಮಾರನೆಯ ದಿನ ದೊಡ್ಡದನ್ನು ತೂಗಿದ್ದರೆ? ಮಗು ಭರ್ಜರಿಯಾಗಿ ಬೆಳೆದಿದೆ ಎಂದು ಅದೇ ಆ್ಯಪ್ ಹಸಿರು ತೋರಿಸಿ ಸುಮ್ಮನಾಗುತ್ತಿತ್ತು.

“ಆ ಎರಡೂಕಾಲು ಕಿಲೋದ್ದು ಹೇಗಿದೆ?”

“ನೀನೇ ನೋಡು” ಎಂದು ಡೊರಿಕಾ ಬಾಗಿಲಿನತ್ತ ತಿರುಗಿ ಕೂಗಿದಳು. ತಾಯಿ ಹೊಸ್ತಿಲಿಗೆ ಬಂದಳು. ಅವಳು ಎದೆಗೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಕೊಂಡಿದ್ದ ಕೂಸಿನ ಟೋಪಿ ಮಾತ್ರ ಕಾಣುತ್ತಿತ್ತು. ಚಪ್ಪರಿಸುವ ಸದ್ದು ಅಂಗಳಕ್ಕೇ ಕೇಳುತ್ತಿತ್ತು.

“ನರ್ಸ್ ನೋಡಿ ಪರವಾಗಿಲ್ಲ ಅಂದಿದಾರೆ. ಎರಡು ಹೊತ್ತೂ ನಾನೇ ಬಂದು ನೋಡ್ತೀನಿ. ಅದಕ್ಕೆ ಕೆಂಪು ದೀಪ ಬೇಕಾ?”

“ಮತ್ತೆ ಫೋನ್ ಯಾಕೆ ಆಫ್ ಇತ್ತು?”

“ಚಾರ್ಜಿಗೆ ಅಂಗಡೀಲಿ ಕೊಟ್ಟಿದೀನಿ. ನಿನ್ನ ಆ್ಯಪ್ಪಿಗೆ ಆ ಕೂಸಿಗಿಂತ ಹಸಿವು ಜಾಸ್ತಿ.”

ಲಿಂಬಾನಿಗೆ ಆಗ ಬಾಯಾರಿಕೆಯ ನೆನಪಾಯಿತು. ಥೋಬ್ವಾವನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿದ.

ಅಜ್ಜಿ ಖಾಲಿ ಲೋಟ ತೆಗೆದುಕೊಂಡು ಎದುರಿಗೆ ಕೂತಳು.

“ಈಗ ಹೇಳು ಮಗಾ, ನಿನ್ನ ಹೆಸರೇನು?”