ಇಮಾಮ್ಬೀಯ ಸಾಕ್ಷಿ

ಇಮಾಮ್ಬೀ ಕೈಗವಸು ಕಿತ್ತು, ಎರಡು ಬೆರಳಿಲ್ಲದ ಬಲಗೈಯನ್ನು ಪರದೇಶದ ಸಾಹೇಬನ ಮುಂದೆ ಚಾಚಿದಳು. "ಈ ಕೈಗವಸು ಇವತ್ತೇ ಕೊಟ್ಟಾರ್ರಿ, ನೀವು ಬರ್ತೀರಂತ. ನನ್ನ ಬೆರಳು ಹ್ವಾದ ವರ್ಷ ಈ ಮಷೀನಿಗೇ ಹೋದ್ವು."

ಶಹಾಬಾದಿನ ಆ ಕಾರ್ಖಾನೆಯಲ್ಲಿ ಪಾಲಿಶ್ ಆದ ಕಲ್ಲೆಲ್ಲ ಹಡಗು ಹತ್ತಿ ಸಾಹೇಬನ ಕಂಪನಿಗೇ ಹೋಗುತ್ತಿತ್ತು. ಹೊಸ ಕರಾರಿಗೆ ಮುಂಚೆ ಕೆಲಸಗಾರರ ಸ್ಥಿತಿ ನೋಡಲು ಅವನು ಬಂದಿದ್ದ. ದುಭಾಷಿ ಅವಳ ಮಾತನ್ನು ತಿಳಿಸಿದಾಗ ಅವನ ಮುಖ ಬಿಗಿಯಿತು. ಇದನ್ನು ಕಂಡವರು ಯಾರಿದ್ದಾರೆ ಎಂದು ಕೇಳಿಸಿದ.

ಕಾರ್ಖಾನೆಯ ಮಾಲೀಕ, ಪಕ್ಕದಲ್ಲೇ ನಿಂತಿದ್ದ ಕೆಲಸದಾಕೆ ಗುಂಡಮ್ಮನ ಕಡೆ ತಿರುಗಿದ. "ಹತ್ತು ವರ್ಷದಿಂದ ಇಕಿ ಬಾಜೂಕ ನೀನೇ ಕೆಲಸ ಮಾಡಾಕತ್ತೀದಿ. ನೀನೇ ಹೇಳು."

ಬೆರಳು ಹೋದ ದಿನ ತನ್ನ ಸೆರಗು ಹರಿದು ಇಮಾಮ್ಬೀಯ ಕೈಗೆ ಕಟ್ಟಿದವಳು ಗುಂಡಮ್ಮ. ಅವಳ ಇಬ್ಬರು ಹೆಣ್ಣುಮಕ್ಕಳೂ ಇದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅವಳು ನೆಲ ನೋಡುತ್ತ ಹೇಳಿದಳು: "ಇಕಿ ಹುಟ್ಟಿದಾಗಿಂದ ಹಿಂಗೇ ಅದಾಳ್ರಿ."

"ಗುಂಡವ್ವಾ!" ಎಂದಳು ಇಮಾಮ್ಬೀ.

ದುಭಾಷಿ ಹೇಳಿದ್ದನ್ನು ಕೇಳಿ ಸಾಹೇಬನ ಮುಖ ಅರಳಿತು. ಇಂಥವಳಿಗೂ ಕೆಲಸ ಕೊಟ್ಟಿದ್ದೀರಲ್ಲ ಎಂದು ಮೆಚ್ಚಿ, ಮಾಲೀಕನ ಎರಡೂ ಕೈಗಳನ್ನು ಹಿಡಿದು ಕುಲುಕಿದ.