ಇಡೀ ಕುಂಬಳಕಾಯಿ

ಇಡೀ ಸಿಹಿಗುಂಬಳಕ್ಕೆ ಮೊದಲು ಕತ್ತಿ ಹಾಕಬೇಕಾದವನು ಗಂಡಸು. ಅದು ಅತ್ತೆಯ ಶಾಸ್ತ್ರ. ಗಂಡ ತೀರಿಕೊಂಡ ಮೇಲೆ ಸೊಸೆ ಆ ಕೆಲಸಕ್ಕೆ ಎದುರುಮನೆಯ ಟೈಲರನ್ನು ಕರೆಯುತ್ತಿದ್ದಳು. ಅವನಿಗಿನ್ನೂ ಮದುವೆಯಾಗಿರಲಿಲ್ಲ.

"ಮತ್ತೆ ಕುಂಬಳಕಾಯೇನೇ? ಈ ವಾರ ಪಲ್ಯ, ಹುಳಿ, ಪಾಯಸ ಎಲ್ಲ ಆಯ್ತಲ್ಲ!"

"ಇವತ್ತು ದೋಸೆಗೆ ಹಾಕಿ ರುಬ್ತೀನಿ, ಅತ್ತೆ."

"ಅಂಗಡೀಲಿ ಹೋಳು ಮಾಡಿ ಮಾರ್ತಾರೆ. ಒಂದು ಹೋಳು ತಂದ್ರೆ ಸಾಲ್ದಾ?"

ಸೊಸೆ ಒರೆಸಿದ ಒಲೆಯನ್ನೇ ಮತ್ತೆ ಮತ್ತೆ ಒರೆಸಿದಳು. ಬಾಗಿಲಲ್ಲಿ ಚಪ್ಪಲಿಯ ಸದ್ದಾಗುತ್ತಲೇ ಸೆರಗು ಸರಿಮಾಡಿಕೊಂಡಳು. ಟೈಲರ್ ಒಳಬಂದು, ಅವಳ ಮುಖ ನೋಡದೆ ಕತ್ತಿ ಎತ್ತಿಕೊಂಡ.

ಅತ್ತೆ ಕಾಯಿಯನ್ನು ತಮ್ಮತ್ತ ಎಳೆದುಕೊಂಡರು.

"ಕತ್ತಿ ಕೆಳಗಿಡಪ್ಪ. ಇವಳನ್ನ ಮದುವೆ ಆಗ್ಬಿಡು. ನನಗೆ ಕುಂಬಳಕಾಯಿ ತಿಂದು ತಿಂದು ಸಾಕಾಗಿದೆ."